ವಲ್ಲಿಯ ಕೆಳಗಿನ ಬೆಲೆ

ಮಸಗುಪ್ಪಿಯ ಉದ್ದಪ್ಪನ ಮಗ ಕೇದಾರಿಗೆ ವಿಶ್ವವಿದ್ಯಾಲಯದ ವಾಣಿಜ್ಯ ವಿಭಾಗದಲ್ಲಿ ಹಂಗಾಮಿ ನೌಕರಿ. ಪ್ರೊಫೆಸರರು ಸಂತೆಗಳಿಂದ ತರಿಸುವ ಮಾಹಿತಿ ಹಾಳೆಗಳನ್ನು ವಿಂಗಡಿಸಿ, ಕೋಷ್ಟಕ ಮಾಡಿ, ಎಲ್ಲಿ ತಪ್ಪಿದೆ ಎಂದು ಹೇಳುವುದು ಅವನ ಕೆಲಸ. ಹೇಳುವುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಚೆನ್ನಾಗಿಯೇ ಮಾಡುತ್ತಿದ್ದ.

೧೯೫೯ರ ಬೇಸಿಗೆಯಲ್ಲಿ ಮೂಡಲಗಿ ದನದ ಸಂತೆಯ ಹಾಳೆಗಳು ಬಂದವು. ನೋಡಿದರೆ ಒಂದು ಎತ್ತಿನ ಬೆಲೆಯಲ್ಲೂ ಚಿಲ್ಲರೆಯಿಲ್ಲ. ಎಲ್ಲ ಇನ್ನೂರು, ಮುನ್ನೂರು, ನಾಲ್ಕುನೂರು. ಕೇದಾರಿಗೆ ನಗು ಬಂತು, ಹಿಂದೆಯೇ ಇದನ್ನು ಹೇಳಬೇಕಲ್ಲ ಎಂಬ ಅಳುಕು. ಆ ಸಂತೆಯಲ್ಲಿ ಬಾಯಲ್ಲಿ ಕೂಗುವ ಬೆಲೆ ಬರೀ ಜಂಬಕ್ಕೆ. ಖರೆ ಬೆಲೆ ಆಗುವುದು ಹೆಗಲ ವಲ್ಲಿಯನ್ನು ಕೈಮೇಲೆ ಮುಚ್ಚಿ, ಒಬ್ಬರ ಬೆರಳನ್ನು ಒಬ್ಬರು ಹಿಡಿದು ಅಂಕಿ ತಿಳಿಸಿ. ಪೇಟೆಯಿಂದ ಹೋದ ವಿದ್ಯಾರ್ಥಿಗಳು ಕೂಗಿದ್ದನ್ನು ಅಂದವಾಗಿ ಬರೆದುಕೊಂಡು ಬಂದಿದ್ದರು.

ಅಂದು ಧೈರ್ಯ ಮಾಡಿ ಬಾಯಿ ಬಿಟ್ಟ. ಹಾಗಾದರೆ ಬರುವ ಸಂತೆಯಲ್ಲಿ ಖರೆ ಬೆಲೆ ತೋರಿಸು, ಇಲ್ಲದಿದ್ದರೆ ವರದಿಯೂ ಇಲ್ಲ, ವರದಿಗಾಗಿ ಹುಟ್ಟಿದ ನಿನ್ನ ಹುದ್ದೆಯೂ ಇಲ್ಲ ಎಂದರು ಪ್ರೊಫೆಸರರು. ಒಳ್ಳೆಯ ಮನುಷ್ಯರೇ, ಇದ್ದದ್ದನ್ನು ಹೇಳಿದರು.

ಸಂತೆಗೆ ಪ್ರೊಫೆಸರರೂ ಜೊತೆಗೆ ಬಂದರು. ಅಲ್ಲಿ ಒಬ್ಬ ದಲ್ಲಾಳಿಯೂ ತುಟಿ ಬಿಚ್ಚಲಿಲ್ಲ. ಬಿಸಿಲು ನೆತ್ತಿಗೇರಿತು, ಹಾಳೆಗಳು ಖಾಲಿಯೇ ಉಳಿದವು. ದೂರದ ಬೇವಿನ ಗಿಡದ ಬುಡದಲ್ಲಿ ಉದ್ದಪ್ಪ ಕೂತಿದ್ದ. ನಲವತ್ತು ವರ್ಷ ಕೂಲಿಗೆ ಕಂಡವರ ದನ ಹೊಡೆದುಕೊಂಡು ಇದೇ ಸಂತೆಗೆ ಬಂದವನು. ಅಪ್ಪ ಏನು ಮಾಡುತ್ತಾನೆಂದು ಆಫೀಸಿನಲ್ಲಿ ಕೇಳಿದಾಗಲೆಲ್ಲ ಕೇದಾರಿ ಮಾತು ತೇಲಿಸಿದ್ದ. ಮಗನ ಮುಖ ಬಾಡಿದ್ದು ಕಂಡು ಮುದುಕ ಎದ್ದು ಬಂದ.

"ಬರಕೋ," ಅಂದ. "ಮುರಿಗೆಪ್ಪ ಸಾವ್ಕಾರ್ರು ಮಾರೂ ಬಿಳಿ ಎತ್ತು. ಎರಡನೂರಾ ಮೂವತ್ತೇಳು."

ಹತ್ತು ಹೆಜ್ಜೆ ಆಚೆ ದಲ್ಲಾಳಿ ಮುರಿಗೆಪ್ಪನ ವಲ್ಲಿ ಇನ್ನೂ ಅಲುಗಾಡುತ್ತಿತ್ತು. ಉದ್ದಪ್ಪ ನೋಡುತ್ತಿದ್ದುದು ವಲ್ಲಿಯನ್ನಲ್ಲ, ಅವನ ಮೊಣಕೈಯನ್ನು; ಹಿಡಿದ ಬೆರಳಿಗೆ ತಕ್ಕಂತೆ ಅದು ಅಲುಗುತ್ತಿತ್ತು. ವ್ಯಾಪಾರ ಮುಗಿದ ಮೇಲೆ ಪ್ರೊಫೆಸರರು ಮುರಿಗೆಪ್ಪನ ಹತ್ತಿರ ಹೋಗಿ ಮೆಲ್ಲಗೆ ಆ ಅಂಕಿ ಹೇಳಿದರು. ಮುರಿಗೆಪ್ಪ ಬಿಳಚಿಕೊಂಡು, ಇವರಿಗೆ ಯಾಕೆ ಹೇಳಿದೆ ಎಂದು ಕೊಂಡವನ ಮೇಲೆಯೇ ಹರಿಹಾಯ್ದ.

ಕೇದಾರಿ ಹೊಸ ಹಾಳೆ ತೆಗೆದ. ಸಹಿ ಮಾಡಲು ಬಾರದ ಅಪ್ಪ ಸಂಜೆಯವರೆಗೆ ನಿಂತಲ್ಲೇ ನಿಂತು ಅರವತ್ತು ಬೆಲೆ ಬರೆಯಿಸಿದ. ಇಷ್ಟು ದೊಡ್ಡ ವಿದ್ಯೆ ಮನೆಯಲ್ಲೇ ಇತ್ತು, ತಾನು ನೋಡಿರಲಿಲ್ಲ.

ಎಲ್ಲಿ ಕಲಿತಿರಿ ಎಂದು ಪ್ರೊಫೆಸರರು ಕೇಳಿದರು.

"ನಮ್ಮಂಥವ್ರ ಕೈ ಯಾರೂ ಹಿಡೀತಿದ್ದಿಲ್ರಿ," ಅಂದ ಉದ್ದಪ್ಪ. "ದೂರ ನಿಂತು ನೋಡೂದಷ್ಟ ಇತ್ತು."

ಪ್ರೊಫೆಸರರು ತಮಗೂ ಕಲಿಸಿರೆಂದು ಕೈ ಚಾಚಿದರು. ಉದ್ದಪ್ಪ ಆ ಕೈಯನ್ನೊಮ್ಮೆ ನೋಡಿದ, ತನ್ನದನ್ನು ಧೋತರಕ್ಕೆ ಎರಡು ಸಲ ಒರೆಸಿಕೊಂಡ. ಪ್ರತಿ ಬೆರಳಿನ ಮಾತೂ ಬಲ್ಲವನು ಒಂದು ಬೆರಳನ್ನೂ ಹಿಡಿದಿರಲಿಲ್ಲ. ನಿಧಾನಕ್ಕೆ ಹೆಗಲ ವಲ್ಲಿ ತೆಗೆದು ಎರಡೂ ಕೈಗಳ ಮೇಲೆ ಹಾಸಿದ.

ಕೆಳಗೆ ಏನು ಬೆಲೆ ಆಯಿತೋ ಕೇದಾರಿಗೆ ತಿಳಿಯಲಿಲ್ಲ. ಅಪ್ಪನ ಮೊಣಕೈ ನಡುಗುತ್ತಿತ್ತು.