ಕೊಬ್ಬರಿ ಚಂದ್ರನಿಗೆ ಗೋಲಿ ಬಡಿದ ಸಂಜೆ

ಕೊಬ್ಬರಿ ಅಲ್ಲಾಡುತ್ತಿದೆ, ಯಾರೂ ಮುಟ್ಟಿಲ್ಲ, ಕುಂಕುಮಕ್ಕೆ ಬಂದ ಹೆಂಗಸರ ರೇಷ್ಮೆ ಸೀರೆಗಳ ಗಾಳಿಗಿರಬೇಕು, ತೊಲೆಯ ಕೊಂಡಿಗಳಿಂದ ಅಡ್ಡಲಾಗಿ ಇಳಿಬಿಟ್ಟ ಸೈಕಲ್ ರಿಮ್ಮಿನ ಅಂಚಿನಲ್ಲಿ ಎರಡು ದಾರ ಹಿಡಿದು ನೇತಾಡುವ ಚಂದ್ರ ಎಳ್ಳಷ್ಟು ಆಚೆ ಹೋಗಿ ಎಳ್ಳಷ್ಟು ಈಚೆ ಬಂದ, ಮುಖ ಮಾತ್ರ ನಡುವೆ ತೂಗುವ ಕ್ಷುದ್ರಗ್ರಹದ ಕಡೆಗೇ — ಭೇಷ್, ಅಂದುಕೊಂಡ ಶೀನಣ್ಣ, ಇಡೀ ಮಲ್ಲೇಶ್ವರಂನಲ್ಲಿ, ಮಲ್ಲೇಶ್ವರಂ ಯಾಕೆ, ಇಡೀ ಏಷ್ಯಾ ಖಂಡದಲ್ಲಿ ದಸರಾ ಗೊಂಬೆಗಳ ಮಧ್ಯೆ ಕ್ಷುದ್ರಗ್ರಹ ಕೂರಿಸಿದ ಗಂಡಸು ಇನ್ನೊಬ್ಬನಿದ್ದರೆ ಬಂದು ಮುಖ ತೋರಿಸಲಿ, ಅರಮನೆಯವರು ಇದನ್ನು ನೋಡಿದ್ದರೆ ಅಂಬಾರಿಯನ್ನು ಅಟ್ಟಕ್ಕೆ ಹಾಕಿ ಇಲ್ಲಿಗೆ ಬಂದು ಗೊಂಬೆ ಮುಂದೆ ಹಂಚುವ ಚರ್ಪಿಗೆ ಕೈಯೊಡ್ಡುತ್ತಿದ್ದರು, ನಿನ್ನೆ ಬಂದ ಜನ ಸಂಪಿಗೆ ರಸ್ತೆಯವರೆಗೆ ಸಾಲು ನಿಂತಿತ್ತು, ಸಾಲಲ್ಲ, ನಾಲ್ಕು ಜನ, ಆದರೆ ನಾಲ್ಕೂ ಜನ ದಪ್ಪಗಿದ್ದರು. ಕ್ಷುದ್ರಗ್ರಹವೆಂದರೆ ಹೆಂಡತಿ ರಂಗನಾಯಕಿಯ ಬಿದಿರು ಬುಟ್ಟಿಗೆ ಹಳೇ ಪೇಪರು ಅಂಟಿಸಿ ಬೂದಿ ಬಳಿದದ್ದು, ಚಂದ್ರನೆಂದರೆ ಒಂದು ಕೊಬ್ಬರಿ ಗಿಟಕು, ಆಕಾಶನೌಕೆಯೆಂದರೆ ಚಿನ್ನದ ಬಣ್ಣದ ಗೋಲಿ, ಓರೆಯಾಗಿ ಕಟ್ಟಿದ ಕಿಟಕಿ ಪರದೆಯ ರೈಲಿನ ಮೇಲಿಂದ ಉರುಳಿ ಬಂದು ಚಂದ್ರನ ಕೆನ್ನೆಗೆ ಬಾರಿಸುವಂಥದ್ದು. ಜುಲೈ ತಿಂಗಳಲ್ಲಿ ಅಮೆರಿಕದವರು ಧೂಮಕೇತುವಿಗೆ ನೌಕೆ ಗುದ್ದಿಸಿದ ಸುದ್ದಿ ಬಂದಾಗಲೇ ಅವನು ಕಾಫಿ ಲೋಟ ಕುಕ್ಕಿ ಹೇಳಿದ್ದ, ಧೂಮಕೇತು ಏನು ಮಹಾ, ಕ್ಷುದ್ರಗ್ರಹಕ್ಕೂ ಒಂದು ಮರಿಚಂದ್ರ ಇರೋದನ್ನ ನೋಡಿದಾರಲ್ಲ, ಅದಕ್ಕೆ ಗುದ್ದಿ ತೋರಿಸಲಿ, ಎದುರು ಮನೆಯ ನರಸಿಂಹಯ್ಯ ಪೇಪರಿನಿಂದ ತಲೆಯೆತ್ತದೆ, ಅವರಿಗೆ ಯಾಕೆ ತೊಂದ್ರೆ ಕೊಡ್ತೀರ ಶೀನಣ್ಣೋರೇ, ನೀವೇ ಗುದ್ದಿಬಿಡಿ, ಅಂದಿದ್ದರು, ಗುದ್ದುತ್ತೇನೆ, ನೋಡುತ್ತಿರಿ, ಆದರೆ ಇವತ್ತು ನೋಡಬೇಕಾದ್ದು ನರಸಿಂಹಯ್ಯನಲ್ಲ, ಅಮ್ಮ. ಅಮ್ಮ ಗೋಡೆ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾಳೆ, ಬಲಗಾಲಿನ ಹೆಬ್ಬೆರಳು ನೆಲ ಒತ್ತುತ್ತಿದೆ, ಒತ್ತುತ್ತದೆ, ಬಿಡುತ್ತದೆ, ಒತ್ತುತ್ತದೆ, ಕುರ್ಚಿ ಕದಲುವುದಿಲ್ಲ.

ಆರತಿ ಆದಮೇಲೆ ಹೇಳ್ತೀನಿ ಕಣೋ, ಅಂದಿದ್ದಾಳೆ ಅಮ್ಮ, ಇಲ್ಲೇ ಇರುತ್ತಾಳೋ ಅಥವಾ ವೈಯಾಲಿಕಾವಲ್‌ಗೆ, ಅವನ ಅಕ್ಕ ವಿಶಾಲಾಕ್ಷಮ್ಮನ ಮನೆಗೆ, ಇನ್ನು ಮುಂದಕ್ಕೆಲ್ಲ ಅಲ್ಲಿಗೇ ಹೋಗುತ್ತಾಳೋ ಅನ್ನುವುದನ್ನು, ಇದೊಂದು ಹೇಳುವ ವಿಷಯವೇ, ನಮ್ಮಮ್ಮ ಜಾನಕಮ್ಮನವರು ಈ ಮನೆ ಬಿಟ್ಟು ಕದಲುವವರಲ್ಲ, ದಸರೆಯ ಆನೆಗಳನ್ನೆಲ್ಲ ಸಾಲಾಗಿ ಕಟ್ಟಿ ಎಳೆದರೂ ಆನೆಗಳಿಗೇ ಬೆನ್ನುನೋವು ಬರುತ್ತದೆ, ಅಂತ ಅವನು ಇಡೀ ಬೀದಿಗೆ ಹೇಳಿಟ್ಟಿದ್ದಾನೆ. ಅಪ್ಪ ತೀರಿಕೊಂಡ ವರ್ಷದಿಂದ ಅವಳ ಜಾಗ ಒಂದೇ, ನಡುಮನೆಯ ಉಯ್ಯಾಲೆ, ಬೆಳಗಿನ ಕಾಫಿ ಅಲ್ಲೇ, ಹೂ ಕಟ್ಟುವುದು ಅಲ್ಲೇ, ಮುಖ ಸದಾ ದೇವರ ಗೂಡಿನ ಕಡೆಗೆ, ದೇವರ ಗೂಡಿನ ಪಕ್ಕ ಈಸಿಚೇರಿನಲ್ಲಿ ಅವನು, ಅವಳು ಹೆಬ್ಬೆರಳಿನಿಂದ ನೆಲ ಒತ್ತುವಳು, ಮಣೆ ಮುಂದೆ ಬರುವುದು, ಏನೋ ಶೀನ, ಹಿಂದೆ ಹೋಗುವುದು, ಅವನು ಹೇಳುವನು, ಇವತ್ತು ಆಫೀಸಿನಲ್ಲಿ ನಾನಿಲ್ಲದಿದ್ದರೆ ಸರ್ಕಾರವೇ ಬಿದ್ದುಹೋಗುತ್ತಿತ್ತಮ್ಮ, ಮುಂದೆ ಬರುವುದು, ಹೌದೇನೋ, ಹಿಂದೆ ಹೋಗುವುದು. ಎಷ್ಟು ವರ್ಷ! ಅವಳಷ್ಟು ಚೆನ್ನಾಗಿ ಹೌದೇನೋ ಅನ್ನುವವರು ಭೂಮಂಡಲದಲ್ಲಿ ಇಲ್ಲ, ಆ ಒಂದು ಹೌದೇನೋ ನಂಬಿಕೊಂಡೇ ಅಲ್ಲವೇ ಅವನು ದಿನಾ ಸಾಯಂಕಾಲ ಮನೆಗೆ ಬರುತ್ತಿದ್ದದ್ದು, ಇರಲಿ, ಈಗ ಅದೆಲ್ಲ ಯಾಕೆ, ಉಯ್ಯಾಲೆ ಈಗ ಹಿತ್ತಿಲ ಗೋಡೆಗೆ ಒರಗಿಕೊಂಡಿದೆ, ಸರಪಳಿ ಗೋಣಿಚೀಲದಲ್ಲಿದೆ, ರಿಮ್ಮು ತೂಗುಹಾಕಲು ತೊಲೆಯ ಆ ಕೊಂಡಿಗಳೇ ಬೇಕಿತ್ತು, ಬೇರೆ ಕಡೆ ಮೊಳೆ ಹೊಡೆದರೆ ಗಾರೆ ಉದುರುತ್ತದೆ, ಹಬ್ಬ ಮುಗಿಯೋವರೆಗೆ ತಾನೇ ಅಮ್ಮ, ಅಂದಿದ್ದ ಅವನು, ಅವಳು ಖಾಲಿ ಕೊಂಡಿಗಳನ್ನು ನೋಡಿ, ಕೂರೋಕೆ ಜಾಗ ಇಲ್ವಲ್ಲೋ, ವಿಶಾಲು ಮನೇಲಿ ಇದ್ದು ಬರ್ತೀನಿ, ಅಂತ ಎರಡು ಸೀರೆ ಚೀಲಕ್ಕೆ ಹಾಕಿಕೊಂಡಿದ್ದಳು, ಅಷ್ಟೇ, ನಾಲ್ಕು ದಿನ, ಸರಸ್ವತಿ ಪೂಜೆಗೆ ಅಂತ ಇವತ್ತು ಬಂದಿದ್ದಾಳೆ, ಬಂದವಳು ಚಪ್ಪಲಿಯನ್ನು ಒಳಗೆ ಗೂಡಿನಲ್ಲಿಡದೆ ನೆಂಟರ ಹಾಗೆ ಹೊಸಲಿನಾಚೆ ಬಿಟ್ಟಿದ್ದಾಳೆ.

ಅಲ್ಲಿ ಜಗಲೀಲಿ ಕೂತ್ರೆ ಬೀದಿ ಕಾಣುತ್ತೆ ಕಣೋ ಶೀನ, ಬಂದ ಕೂಡಲೇ ಹೇಳಿದಳು, ತರಕಾರಿ ಗಾಡಿ ಪಿಳ್ಳಮ್ಮ ಅನ್ನೋಳು ಬರ್ತಾಳೆ, ದಿನಾ ಜಗಳ ಆಡ್ತೀನಿ ಅವಳ ಹತ್ರ, ಹೀರೆಕಾಯಿ ಕಹಿ ಅಂತ ಬೈದ್ರೆ ನೀವೇ ಕಹಿ ಅಜ್ಜಿ ಅಂತಾಳೆ, ಅಮ್ಮ ನಕ್ಕಳು, ಅವನಿಗೆ ಆ ನಗು ಗೊತ್ತಿರಲಿಲ್ಲ, ಬಾಯಿಯ ಎಡಗಡೆ ಒಂದು ಹಲ್ಲು ಇಲ್ಲದ್ದು ಕಂಡಿತು, ಯಾವಾಗ ಬಿತ್ತು ಅದು — ವಿಶಾಲಕ್ಕ ಮಡಿಲಲ್ಲಿ ಬಾಗಿನ ಇಟ್ಟುಕೊಂಡು ಗೆದ್ದವಳ ಹಾಗೆ ಕೂತಿದ್ದಾಳೆ, ನೋಡೋ, ಅಮ್ಮ ಎಷ್ಟು ಲವಲವಿಕೆಯಿಂದ ಇದಾಳೆ, ನೀನು ದೇವರ ಗೊಂಬೆ ಮುಂದೆ ಗೋಲಿ ಆಡ್ಕೊಂಡಿರು, ಅಂತಾಳೆ, ಆಡುತ್ತೇನೆ, ಈ ಗೋಲಿ ಬಡಿದ ಮೇಲೆ ಅಮ್ಮ ಬಾಯಿ ಬಿಟ್ಟುಕೊಂಡು ನೋಡುತ್ತಾಳೆ, ನೋಡಿ ಹೌದೇನೋ ಅನ್ನುತ್ತಾಳೆ, ಅಂದಮೇಲೆ ಪಿಳ್ಳಮ್ಮ ಯಾರು, ವೈಯಾಲಿಕಾವಲ್ ಎಲ್ಲಿದೆ. ಅಕ್ಕನ ಮಗ ಶ್ರೀಹರಿ ಪಕ್ಕದಲ್ಲೇ ನಿಂತಿದ್ದಾನೆ, ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವನು, ಮುಗುಳ್ನಗುತ್ತಾನೆ, ಮಾವ, ಆಕಾಶದಲ್ಲಾದ್ರೆ ಎದುರಿಂದ ಗುದ್ದಿದ್ರೆ ಚಂದ್ರ ಸ್ವಲ್ಪ ಹತ್ರಕ್ಕೆ ಜಾರಿ ಇನ್ನೂ ಬೇಗ ಸುತ್ತೋಕೆ ಶುರು ಮಾಡುತ್ತೆ, ನಿಮ್ಮ ರಿಮ್ಮು ನಿಧಾನ ಆಗಿಬಿಡುತ್ತೆ, ಆಗಲಿ ಬಿಡೋ, ನನ್ನ ಆಕಾಶ, ನನ್ನ ರಿಮ್ಮು. ಆದ್ರೆ ಒಂದು ಮಾತ್ರ ಸರಿಯಾಗಿ ತೋರಿಸ್ತೀರ ಮಾವ, ಇಷ್ಟು ದಿನ ಒಂದೇ ಮುಖ ತೋರಿಸ್ತಾ ಇದ್ದ ಚಂದ್ರ ಆಮೇಲೆ ಅತ್ತಿತ್ತ ತೊನೆಯೋಕೆ ಶುರು ಮಾಡುತ್ತೆ. ಗೊತ್ತು ಕಣೋ, ನಾನೇ ಹೇಳಬೇಕು ಅಂತಿದ್ದೆ, ಅಂದ ಶೀನಣ್ಣ, ಗೊತ್ತಿರಲಿಲ್ಲ. ಅಮ್ಮನ ಹೆಬ್ಬೆರಳು ಒತ್ತಿತು, ಬಿಟ್ಟಿತು.

ಆರತಿ ಮುಗಿಯಿತು, ಪಟ್ಟದ ಗೊಂಬೆಗಳಾದ ರಾಜ ರಾಣಿಯರ ಮೇಲೆ ಕರ್ಪೂರದ ಬೆಳಕು ಹರಿದು ಹೋಯಿತು, ಚರ್ಪಿನ ಕಡಲೆಕಾಳು ಕೈಯಲ್ಲಿ ಹಿಡಿದು ಮಕ್ಕಳು ಮುಂದೆ ನುಗ್ಗಿದರು, ಸರೀರಿ, ಸರೀರಿ, ಈಗ ನಡೆಯೋದು ಲೋಕದಲ್ಲಿ ಮೊದಲನೇ ಸಲ, ಅವನ ಸ್ವರ ಅವನಿಗೇ ದೂರದಿಂದ ಕೇಳುತ್ತದೆ, ರಿಮ್ಮು ಮೆಲ್ಲಗೆ ನೂಕಿದ, ಕೊಬ್ಬರಿ ಸುತ್ತತೊಡಗಿತು, ವಿಧೇಯ ಚಂದ್ರ, ಬುಟ್ಟಿಗೆ ಮುಖ ಕೊಟ್ಟೇ ಸುತ್ತುತ್ತದೆ, ಗೋಲಿ ಬಿಟ್ಟ, ರೈಲಿನ ಮೇಲೆ ಸರ್ರನೆ ಜಾರಿ, ಟಕ್, ಇಷ್ಟೇ ಇಷ್ಟು ಸದ್ದು, ಫಿರಂಗಿಯ ಸದ್ದು ಅಂತ ನಾಳೆ ಹೇಳಬೇಕು, ಗೋಲಿ ಎಲ್ಲೋ ಗೊಂಬೆಗಳ ಮಧ್ಯೆ ಬಿದ್ದುಹೋಯಿತು, ರಿಮ್ಮು ತಡವರಿಸಿತು, ಕೊಬ್ಬರಿ ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು, ಮಕ್ಕಳು ಚಪ್ಪಾಳೆ ತಟ್ಟಿದರು, ಅವನು ಮಕ್ಕಳನ್ನು ನೋಡಲಿಲ್ಲ, ಅಮ್ಮನನ್ನು ನೋಡಿದ, ಈಗ ಅನ್ನಬೇಕು, ಈಗ — ಅಮ್ಮ ಅವನನ್ನು ನೋಡಲಿಲ್ಲ, ಕೊಬ್ಬರಿಯನ್ನು ನೋಡುತ್ತ ಮೊಮ್ಮಗನನ್ನು ಕೇಳಿದಳು, ಅದು ಯಾವಾಗ ಮೊದಲಿನ ಹಾಗೆ ನಿಲ್ಲುತ್ತೋ ಶ್ರೀಹರಿ? ಇಲ್ಲಿ ಬೇಗ ನಿಲ್ಲುತ್ತೆ ಅಜ್ಜಿ, ಮೇಲಾದ್ರೆ ಗಾಳಿ ಇಲ್ವಲ್ಲ, ಬಹಳ ಕಾಲ ತೊನೀತಾನೇ ಇರುತ್ತೆ. ಅಷ್ಟು ಚಿಕ್ಕ ಗೋಲಿಗೇ? ಅಷ್ಟೇ ಸಾಕು ಅಜ್ಜಿ. ಪಾಪ, ಅಂದಳು ಅಮ್ಮ, ಅದಕ್ಕೂ ಒಂಚೂರು ಬೇರೆ ಕಡೆ ನೋಡಿದ ಹಾಗಾಯ್ತು, ಅಂದು ಕುರ್ಚಿಯ ಕೈ ಹಿಡಿದು ಎದ್ದಳು, ವಿಶಾಲು, ನಡಿಯಮ್ಮ, ಕತ್ತಲಾಗೋಕೆ ಮುಂಚೆ ಹೊರಡೋಣ, ಶೀನ, ನನ್ನ ಉಳಿದ ಸೀರೆಗಳನ್ನ ನಿಧಾನವಾಗಿ ಕಳಿಸಿಕೊಡು.

ಅವನು ನಕ್ಕ, ನಗುವ ಜಾಗ ಅಂದುಕೊಂಡು ನಕ್ಕ, ಆಮೇಲೆ ಸ್ಟೂಲು ಎಳೆದ, ಹತ್ತಿದ, ರಿಮ್ಮಿಗೆ ಕೈಹಾಕಿದ, ಐದೇ ನಿಮಿಷ ಅಮ್ಮ, ಇದನ್ನೆಲ್ಲ ಇಳಿಸಿ ಉಯ್ಯಾಲೆ ಹಾಕಿಬಿಡ್ತೀನಿ, ಬೇಕಾದ್ರೆ ಬೀದಿ ಕಡೆ ತಿರುಗಿಸಿ ಹಾಕ್ತೀನಿ, ಗೋಡೆ ಒಡೆಸಿ ಕಿಟಕಿ ಇಡಿಸ್ತೀನಿ, ಬೇಕಾದ್ರೆ ಬೀದೀನೇ ಒಳಗೆ ತರ್ತೀನಿ, ಬಾಯಿ ತನ್ನಷ್ಟಕ್ಕೆ ಆಡುತ್ತಿದೆ, ರಂಗನಾಯಕಿ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದಾಳೆ, ಅಮ್ಮ ಕೈಯೆತ್ತಿದಳು, ಇಳಿಯೋ, ಕೂರಿಸಿದ ಗೊಂಬೇನ ವಿಜಯದಶಮಿಗೆ ಮುಂಚೆ ಕದಲಿಸಬಾರದು ಅಂತ ನಿಂಗೆ ಗೊತ್ತಿಲ್ವಾ, ನಾನೇ ಅಲ್ವಾ ಹೇಳಿಕೊಟ್ಟಿದ್ದು. ಇದು ಗೊಂಬೆ ಅಲ್ಲಮ್ಮ, ಸೈಕಲ್ ರಿಮ್ಮು. ಆರತಿ ಮಾಡಿದ್ಮೇಲೆ ಎಲ್ಲಾ ಗೊಂಬೇನೇ ಕಣೋ. ಹಾಗಾದ್ರೆ ವಿಜಯದಶಮಿ ಆದ ಮರುಗಳಿಗೇನೇ ಹಾಕ್ತೀನಿ. ಹಾಕು, ರಂಗು ಕೂತ್ಕೊಳ್ಳಲಿ, ಪಾಪ, ಈ ಮನೆಗೆ ಬಂದಾಗಿಂದ ಅವಳು ಯಾವತ್ತು ಕೂತಿದಾಳೆ ಅದರ ಮೇಲೆ, ನಾನು ಬಂದು ಹೋಗ್ತಾ ಇರ್ತೀನಿ. ಸ್ಟೂಲಿನ ಮೇಲೆ ನಿಂತವನ ಮೂಗಿನ ಮುಂದೆ ಕೊಬ್ಬರಿ ಇನ್ನೂ ತೊನೆಯುತ್ತಿತ್ತು, ಒಣ ಕೊಬ್ಬರಿಯ ವಾಸನೆ, ಇಳಿದ, ಬಾಗಿಲಿಗೆ ಬಂದ, ಶ್ರೀಹರಿ ಆಟೋ ನಿಲ್ಲಿಸಿದ್ದಾನೆ, ಅಕ್ಕ ಮೊದಲು ಹತ್ತಿ ಒಳಗೆ ಸರಿದಳು, ಅಮ್ಮ ಸೀರೆಯ ನೆರಿಗೆ ಹಿಡಿದು ಹತ್ತಿ ಈ ಕಡೆ ಕೂತಳು, ಬೀದಿಯ ಕಡೆಗೆ ಕತ್ತು ಚಾಚಿದಳು, ಯಾರನ್ನೋ ನೋಡಿ ತಲೆಯಾಡಿಸಿದಳು, ಅವನನ್ನೇ ಇರಬಹುದು, ನರಸಿಂಹಯ್ಯನನ್ನೂ ಇರಬಹುದು, ಆಟೋದವನು ಇನ್ನೂ ಮೀಟರು ಹಾಕಿರಲಿಲ್ಲ, ಅವಳ ಬಲಗಾಲಿನ ಹೆಬ್ಬೆರಳು ಆಟೋದ ತಗಡಿನ ನೆಲವನ್ನು ಒತ್ತಿತು, ಬಿಟ್ಟಿತು, ಮತ್ತೆ ಒತ್ತಿತು, ಆಟೋ ಹೊರಟಿತು, ಅವಳು ಒತ್ತಿದ್ದಕ್ಕೇ ಹೊರಟ ಹಾಗೆ, ಆ ಹೆಬ್ಬೆರಳು, ಒತ್ತಿದ್ದಕ್ಕೇ —