ನೂರೆಂಬತ್ತೊಂದು ಗೆರೆ

ಈರಬಸಪ್ಪನಿಗೆ ಆ ಕಾನೂನು ಹೇಳಿಕೊಟ್ಟ ಪುಣ್ಯಾತ್ಮ ನಾನೇ. ಪುಣೆಯ ರವಿವಾರ ಪೇಠೆಯಲ್ಲಿ ಅವನ ಸೀರೆ ಅಂಗಡಿ, ಅದರಲ್ಲಿ ನಾನು ಗುಮಾಸ್ತ. ಸೀರೆ ನೇಯುವ ಅವನ ಮಗ್ಗಗಳೆಲ್ಲ ಜಮಖಂಡಿಯಲ್ಲಿ. ಜಮಖಂಡಿ ರಾಜರ ಸಂಸ್ಥಾನ, ಪುಣೆ ಬ್ರಿಟಿಷರದು. ಅಂದರೆ ನಮ್ಮ ಸಾವುಕಾರ ಇಲ್ಲಿ ಹೊರದೇಶದವನು. ವರ್ಷಕ್ಕೆ ನೂರೆಂಬತ್ತೆರಡು ದಿನ ಇಲ್ಲಿದ್ದರೆ ಮಗ್ಗದ ಆದಾಯಕ್ಕೂ ತೆರಿಗೆ, ಒಂದು ದಿನ ಕಡಿಮೆಯಾದರೆ ಇಲ್ಲ. ಇಲ್ಲಿ ಅವನದೆನ್ನುವ ಮನೆಯೂ ಇರಬಾರದು.

"ಇಷ್ಟ ಹೌದಲ್ಲೋ?" ಎಂದವನೇ ಪುಣೆಯ ಮನೆಯನ್ನು ಹೆಂಡತಿ ಸಾವಂತ್ರವ್ವನ ಹೆಸರಿಗೆ ಬರೆಸಿದ. ದಿನಗಳ ಲೆಕ್ಕವನ್ನೂ ಅವಳಿಗೇ ಹಚ್ಚಿದ. ಓದು ಬಾರದ ಅವಳು, ಅವನು ಪುಣೆಯಲ್ಲಿದ್ದ ದಿನಕ್ಕೊಂದರಂತೆ ಅಡುಗೆಮನೆಯ ಗೋಡೆಗೆ ಇದ್ದಿಲಿನ ಗೆರೆ ಎಳೆಯುತ್ತಿದ್ದಳು. ಮಾರ್ಚ್ ಮುಗಿದರೆ ಗೋಡೆಗೆ ಸುಣ್ಣ, ಮತ್ತೆ ಮೊದಲಿನಿಂದ ಎಣಿಕೆ.

ನಲವತ್ತೊಂದರ ಮಾರ್ಚ್‌ನಲ್ಲಿ ನೂರೆಂಬತ್ತೊಂದನೆಯ ಗೆರೆ ಬಿದ್ದ ದಿನ ಮಗಳು ಪಾರಿ ವಿಷಮಜ್ವರದಲ್ಲಿ ಮಲಗಿತ್ತು. ಆರು ವರ್ಷದ ಕೂಸು ಅಪ್ಪನ ಧೋತರದ ಚುಂಗು ಬಿಡಲೊಲ್ಲದು. ಸಾವಂತ್ರವ್ವ ಅವನ ಕಾಲು ಹಿಡಿದಳು.

"ಎರಡ ದಿನಾ ಇರ್ರಿ. ಎಷ್ಟ ತೆರಿಗಿ ಬರತೈತೋ ತುಂಬೂಣು."

"ಎರಡ ದಿನಕ್ಕ ಎರಡ ಸಾವಿರ! ತಲಿ ಕೆಟ್ಟೈತೇನ?"

ಕೂಸಿನ ಬೆರಳು ಬಿಡಿಸಿ ಟಾಂಗಾ ಹತ್ತಿ ಹೋದ. ಮೂರನೆಯ ದಿನ ಪಾರಿ ತೀರಿಕೊಂಡಿತು. ಮಣ್ಣಿಗೂ ಅವನು ಬರಲಿಲ್ಲ. ಏಪ್ರಿಲ್ ಒಂದಕ್ಕೆ ಬಂದವನು ಅಳುವ ಮೊದಲು ಗೋಡೆ ನೋಡಿದ. ಅಂಥವನ ಅನ್ನ ತಿಂದೆನಲ್ಲ ಎಂದು ನನಗೆ ಇವತ್ತಿಗೂ ಹೇಸಿಗೆ. ಆದರೂ ತಿಂದೆ, ಅದೂ ಖರೆ.

ಸಾವಂತ್ರವ್ವ ಗೆರೆ ಎಳೆಯುವುದನ್ನು ಬಿಡಲಿಲ್ಲ.

ಐದು ವರ್ಷದ ಮೇಲೆ, ದೀಪಾವಳಿಯಲ್ಲಿ, ಪುಣೆಯಲ್ಲೇ ಅವನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು, ನಾಲಿಗೆ ಅರ್ಧ ಉಳಿಯಿತು. ಸಾವಂತ್ರವ್ವ ಹೊತ್ತುಹೊತ್ತಿಗೆ ಗಂಜಿ ಕುಡಿಸಿದಳು, ಮೈ ಒರೆಸಿದಳು. ಎಂಥ ಸಾಧ್ವಿ ಎಂದು ಪೇಠೆಯೆಲ್ಲ ಹೊಗಳಿತು. ನಾನೂ ಹೊಗಳಿದೆ.

ಮಾರ್ಚ್‌ನ ಒಂದು ಮಧ್ಯಾಹ್ನ ಹೇಳಿಕಳಿಸಿದಳು. ಹೋದರೆ ಬಾಗಿಲಲ್ಲಿ ಟಾಂಗಾ ನಿಂತಿದೆ, ಅವಳ ಕೈಯಲ್ಲಿ ರೈಲಿನ ಒಂದೇ ಟಿಕೇಟು.

"ಗೆರಿ ಎಣಸ್ರಿ," ಎಂದಳು.

ಎಣಿಸಿದೆ. ನೂರೆಂಬತ್ತೊಂದು.

"ಜಮಖಂಡ್ಯಾಗ ಇವರನ್ನ ನೋಡಾಕ ಯಾರದಾರ್ರಿ, ಅವ್ವಾರ?"

"ಮಗ್ಗ ಅದಾವಲ್ರಿ."

ಹಾಸಿಗೆಯಲ್ಲಿದ್ದ ಈರಬಸಪ್ಪನಿಗೆ ಅರ್ಥವಾಯಿತು. ಬಲಗೈಯಿಂದ ಅವಳ ಸೆರಗು ಹಿಡಿದು, "ತುಂಬೂಣು... ಎಷ್ಟರ ಆಗಲಿ, ತುಂಬೂಣು," ಎಂದು ತೊದಲಿದ.

ಅವಳು ಬಾಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಎರಡ ದಿನಕ್ಕ ಎರಡ ಸಾವಿರ! ತಲಿ ಕೆಟ್ಟೈತೇನ್ರಿ?"

ಟಾಂಗಾಕ್ಕೆ ಅವನನ್ನು ಎತ್ತಿ ಹಾಕಿದವನು ನಾನೇ. ತಿರುಗಿ ನೋಡಿದೆ. ಅವಳು ಒಳಗೆ ಸುಣ್ಣ ಕಲಸುತ್ತಿದ್ದಳು.