ನಿಂಗವ್ವನ ಮರಳ ಹೊಲ

ಎಳ್ಳಮಾವಾಸ್ಯೆ ಬಂತೆಂದರೆ ಕೊಲ್ಲಿ ದೇಶದ ಖೈತಾನ್ ಬಡಾವಣೆಯಲ್ಲಿರುವ ನಮ್ಮ ಮಂದಿಗೆ ಒಂದೇ ಚಿಂತೆ. ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು, ಅಡುಗೆಯ ತುತ್ತು ಹಾಕಿ ಭೂಮಿತಾಯಿಗೆ ಉಣಿಸಬೇಕು. ಫ್ಲಾಟಿನಲ್ಲಿರುವವರಿಗೆ ಹೊಲವೆಲ್ಲಿಂದ ಬರಬೇಕು? ಎಸಿ ಟೆಕ್ನಿಷಿಯನ್ ಫಕೀರಪ್ಪನ ತಾಯಿ ನಿಂಗವ್ವ ಇದಕ್ಕೊಂದು ದಾರಿ ಹುಡುಕಿದ್ದಳು. ಮರುಭೂಮಿಯಲ್ಲಿ ಅರ್ಫಜ್ ಎಂಬ ಹಳದಿ ಹೂವಿನ ಪೊದೆಗಳಿದ್ದ ತುಂಡು ನೆಲ ನೋಡಿ, ಇದೇ ನನ್ನ ಹೊಲ ಎಂದುಬಿಟ್ಟಿದ್ದಳು. ಕಣ್ಣು ಮುಚ್ಚಿದರೆ ಅವಳಿಗೆ ಅದೇ ಕಾಣುತ್ತಿತ್ತು: ತಂಪು ಗಾಳಿ, ಹಳದಿ ಹೂ, ನಡುವೆ ತಾನು.

ಅವ್ವನ ಮೊಣಕಾಲು ನೋಯಬಾರದೆಂದು ಮಗ ಪ್ರತಿ ವರ್ಷ ದೊಡ್ಡ ಗಾಡಿಯನ್ನು ಪೊದೆಗಳ ನಡುವಿಗೇ ಒಯ್ದು ನಿಲ್ಲಿಸುತ್ತಿದ್ದ. ಪ್ರೀತಿಯೇನೋ ಹೌದು, ಬುದ್ಧಿ ಮಾತ್ರ ಸ್ವಲ್ಪ ಕಡಿಮೆ.

ಮೂರನೆಯ ವರ್ಷ ಮಳೆ ಬಿದ್ದು ಸುತ್ತಲೂ ಹಸಿರು ಚಿಗುರಿತ್ತು. ನಿಂಗವ್ವನ ಹೊಲ ಮಾತ್ರ ಬೋಳು. ಸಜ್ಜಿ ರೊಟ್ಟಿಯ ಬುಟ್ಟಿ ಹಿಡಿದು ಇಳಿದವಳಿಗೆ ಕಣ್ಣು ತುಂಬಿ ಬಂತು.

"ನನ್ನ ಹೊಲ ಬೀಳ ಬಿತ್ತಲ್ಲೋ ಫಕೀರಾ."

ಜೊತೆಗೆ ಬಂದಿದ್ದ ಪಕ್ಕದ ಮನೆಯ, ಕರಾವಳಿ ಕಡೆಯ ನರ್ಸ್ ಲೊರೈನ್, ಶುಕ್ರವಾರಕ್ಕೊಮ್ಮೆ ನಡಿಗೆ ಪ್ರವಾಸ ಹೋಗುವವಳು. ಬಗ್ಗಿ ಚಕ್ರದ ಜಾಡನ್ನು ಕೆದಕಿದಳು. ಉಗುರೂ ಇಳಿಯಲಿಲ್ಲ. ಗಾಡಿಯ ಭಾರಕ್ಕೆ ನೆಲ ಗಟ್ಟಿಯಾದರೆ ಮಳೆನೀರು ಇಳಿಯುವುದಿಲ್ಲ, ಬೀಜ ಮೊಳೆಯುವುದಿಲ್ಲ ಎಂದಳು.

ಫಕೀರಪ್ಪ ಒಪ್ಪಲಿಲ್ಲ. "ಇಷ್ಟ ದೊಡ್ಡ ಮರುಭೂಮಿಗೆ ನಂದೊಂದ ಗಾಡಿ ಯಾವ ಲೆಕ್ಕ, ಸಿಸ್ಟರ?"

"ಎಲ್ಲರೂ ಹಾಗೇ ಹೇಳ್ತಾರೆ ಮಾರಾಯ್ರೆ. ಅಲ್ಲಿ ನೋಡಿ, ಎಷ್ಟು ಜಾಡು ಉಂಟು. ಮರಳನ್ನು ಹಿಡಿದಿಡುವುದೇ ಈ ಗಿಡ. ಇದು ಹೋದ್ರೆ ಧೂಳು ಸೀದಾ ನಮ್ಮ ಮನೆಗೆ ಬರ್ತದೆ."

ಗಾಡಿಯನ್ನು ಟಾರು ರಸ್ತೆಯಲ್ಲೇ ಬಿಟ್ಟು ನಡೆಯೋಣ, ದಾರಿ ಬಲ್ಲ ಇಲ್ಲಿಯವರೊಬ್ಬರನ್ನು ಕರೆದುಕೊಂಡರೆ ಅವರಿಗೂ ಒಂದು ದುಡಿಮೆಯಾದೀತು ಎಂದಳು. ಅವ್ವನ ಕಾಲಿನ ಗತಿಯೇನು ಎಂದು ಮಗ ಗೊಣಗಿದ. ನಿಂಗವ್ವ ಚಪ್ಪಲಿ ಕಳಚಿದಳು.

"ಊರಾಗ ಹೊಲಕ್ಕ ಬದುವಿನ ಮ್ಯಾಲೆ ನಡಕೊಂತ ಹೋಗ್ತಿದ್ವಿ. ಬೆಳಿ ಮ್ಯಾಲೆ ಚಕ್ಕಡಿ ಹೊಡದವರನ್ನ ನಿಮ್ಮಪ್ಪ ಸುಮ್ನ ಬಿಡತಿದ್ನೇನು? ತಾಯಿಗೆ ಉಣಸಾಕ ಬಂದು ಆಕಿ ಎದಿ ತುಳದೀವಲ್ಲೋ."

ಫಕೀರಪ್ಪ ಹಳೆಯ ಜಾಡಿನಲ್ಲೇ ಗಾಡಿ ಹಿಂದಕ್ಕೆ ತೆಗೆದು ರಸ್ತೆಯಲ್ಲಿ ನಿಲ್ಲಿಸಿ, ನಡೆದು ಬಂದ.

ಮರುವರ್ಷ ಮೂವರೂ ನಡೆದೇ ಹೋದರು, ನಿಂಗವ್ವನಿಗಾಗಿ ಎರಡು ಕಡೆ ಕುಳಿತು ದಣಿವಾರಿಸಿಕೊಂಡು. ಗಟ್ಟಿಯಾದ ನೆಲ ಒಂದೇ ವರ್ಷಕ್ಕೆ ಮೆತ್ತಗಾಗುವುದಿಲ್ಲ. ಆದರೂ ಜಾಡಿನ ಅಂಚಿನಲ್ಲಿ ಬೆರಳುದ್ದದ ಒಂದು ಸಸಿ ಎದ್ದಿತ್ತು. ನಿಂಗವ್ವ ಮೊದಲ ತುತ್ತನ್ನು ಅದರ ಬುಡಕ್ಕೆ ಹಾಕಿ, ಬಹಳ ಹೊತ್ತು ಕನಸಿನಲ್ಲಿದ್ದಂತೆ ಕುಳಿತಿದ್ದಳು.

ಈ ಚಳಿಗಾಲ ನೀವೂ ಮರುಭೂಮಿ ನೋಡಲು ಹೊರಡುತ್ತೀರಿ. ಖಂಡಿತ ಹೋಗಿ, ನಡೆದು ನೋಡಿ. ಗಾಡಿ ರಸ್ತೆಯಲ್ಲೇ ಇರಲಿ, ಒಯ್ದ ಕವರು ಬಾಟಲಿ ವಾಪಸು ಬರಲಿ. ಕಾಲಿಡುವ ಮುನ್ನ ಒಮ್ಮೆ ಕೆಳಗೆ ನೋಡಿ. ನಿಂಗವ್ವನ ಹೊಲ ಅಲ್ಲೇ ಎಲ್ಲೋ ಇದೆ, ಸಸಿ ಇನ್ನೂ ಚಿಕ್ಕದು.